ಮೀಡಿಯೇಷನ್‌ಗೆ ಹೋದರೆ ಗಂಡನ ಮನೆಗೆ ವಾಪಸ್ ಕಳಿಸಿಬಿಡುತ್ತಾರೆಯೇ?

ಪ್ರಶ್ನೆ: ನನ್ನ ತವರು ಮೈಸೂರು, ಗಂಡನ ಊರು ಮದ್ದೂರು ತಾಲ್ಲೂಕು. ಎರಡು ವರ್ಷಗಳಿಂದ ಮಗನೊಂದಿಗೆ ತವರಿನಲ್ಲಿದ್ದೇನೆ. ಇಲ್ಲಿನ ಕುಟುಂಬ ನ್ಯಾಯಾಲಯದಲ್ಲಿ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದೆ. ಈಗ ನ್ಯಾಯಾಧೀಶರು ಕೇಸನ್ನು ಮೀಡಿಯೇಷನ್‌ಗೆ ಕಳಿಸಿದ್ದಾರೆ. ಅಲ್ಲಿಗೆ ಹೋದರೆ ‘ಹೊಂದಿಕೊಂಡು ಹೋಗಿ’ ಎಂದು ಹೇಳಿ ಸಹಿ ಹಾಕಿಸಿಕೊಳ್ಳುತ್ತಾರೆ ಎಂದು ನಮ್ಮ ಚಿಕ್ಕಪ್ಪ ಹೆದರಿಸುತ್ತಿದ್ದಾರೆ. ಹೋಗದಿದ್ದರೆ ಕೇಸು ವಜಾ ಆಗುತ್ತದೆಯೇ?

ಉತ್ತರ: ಹೋಗಿ. ಅಲ್ಲಿ ನಿಮ್ಮಿಂದ ಯಾರೂ ಬಲವಂತವಾಗಿ ಸಹಿ ಹಾಕಿಸಿಕೊಳ್ಳುವಂತಿಲ್ಲ. ಮಾತುಕತೆ ಮುರಿದುಬಿದ್ದರೆ ಕೇಸು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಮಧ್ಯಸ್ಥಿಕೆಗೆ, ಅಂದರೆ ಈ ಮೀಡಿಯೇಷನ್‌ಗೆ, ಗೈರುಹಾಜರಾದ ಮಾತ್ರಕ್ಕೆ ಅರ್ಜಿ ವಜಾ ಆಗುವುದಿಲ್ಲ. ಆದರೆ ‘ಅರ್ಜಿದಾರರು ಹಾಜರಾಗಲಿಲ್ಲ’ ಎಂಬ ವರದಿ ನ್ಯಾಯಾಲಯಕ್ಕೆ ಹೋಗುತ್ತದೆ, ಅದರ ಮೇಲೆ ಮುಂದಿನ ವಾಯಿದೆಗೂ ನೀವು ಬಾರದಿದ್ದರೆ ಆಗ ವಜಾ ಆಗಬಹುದು. ನೀವು ಕೇಳಿದ್ದಕ್ಕೆ ಇಷ್ಟು ಉತ್ತರ ಸಾಕು. ಆದರೆ ಇದೇ ಪ್ರಶ್ನೆ ಮಂಡ್ಯದಿಂದ, ನಂಜನಗೂಡಿನಿಂದ, ಕೆ.ಆರ್. ಪೇಟೆಯಿಂದ, ಚಿಕ್ಕಪ್ಪನ ಜಾಗದಲ್ಲಿ ಸೋದರಮಾವನನ್ನೋ ಪಕ್ಕದ ಮನೆಯ ನಿವೃತ್ತ ಗುಮಾಸ್ತರನ್ನೋ ಸಾಕ್ಷಿಗೆ ನಿಲ್ಲಿಸಿಕೊಂಡು ಬರುತ್ತಲೇ ಇರುವುದರಿಂದ ಈ ಸಲ ವಿಸ್ತಾರವಾಗಿಯೇ ಬರೆಯುತ್ತೇನೆ. ಮುಂದೆ ಕೇಳುವವರಿಗೆ ಇದನ್ನೇ ತೋರಿಸಿದರಾಯಿತು.

ಮಧ್ಯಸ್ಥಿಕೆ ಎಂದರೆ ಗಂಡ ಹೆಂಡತಿಯನ್ನು ಹೇಗಾದರೂ ಮಾಡಿ ಮತ್ತೆ ಒಂದೇ ಸೂರಿನಡಿ ಸೇರಿಸುವ ಏರ್ಪಾಡು ಎಂಬ ನಂಬಿಕೆ ನಮ್ಮ ಕಡೆ ಎಷ್ಟು ಬೇರುಬಿಟ್ಟಿದೆಯೆಂದರೆ, ಓದಿದವರೂ ಅದನ್ನು ಒಮ್ಮೆ ಪರೀಕ್ಷಿಸಿ ನೋಡುವ ಗೋಜಿಗೆ ಹೋಗುವುದಿಲ್ಲ. ಇದಕ್ಕೆ ಮೊದಲ ಕಾರಣ ಊರಿನ ನ್ಯಾಯ. ಅರಳಿಕಟ್ಟೆಯ ಮೇಲೋ ದೇವಸ್ಥಾನದ ಜಗಲಿಯಲ್ಲೋ ಯಜಮಾನರು ಕುಳಿತು, ಎರಡೂ ಕಡೆಯವರಿಗೆ ಒಂದೊಂದು ಸುತ್ತು ಬೈದು, ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂಬ ಗಾದೆಯನ್ನು ಒಗೆದು, ಹುಡುಗಿಯನ್ನು ಅಂದೇ ಸಂಜೆ ಗಂಡನ ಮನೆಯವರ ಕಾರು ಹತ್ತಿಸುವುದನ್ನು ನಾವೆಲ್ಲ ಕಂಡವರೇ. ಆ ಹುಡುಗಿ ಏನು ಹೇಳಬೇಕೆಂದಿದ್ದಳು ಎಂಬುದನ್ನು ಅಲ್ಲಿ ಕೇಳುವವರು ಕಡಿಮೆ. ಕೇಳಿದರೂ ಇಪ್ಪತ್ತು ಜನ ಗಂಡಸರ ನಡುವೆ ಅವಳು ಹೇಳುವುದು ಇನ್ನೂ ಕಡಿಮೆ. ಇದನ್ನು ಕಂಡವರು, ನ್ಯಾಯಾಲಯದ ಮಧ್ಯಸ್ಥಿಕೆ ಕೇಂದ್ರವನ್ನೂ ಫ್ಯಾನು ಮೇಜು ಹಾಕಿದ ಅರಳಿಕಟ್ಟೆ ಎಂದೇ ಊಹಿಸಿಕೊಳ್ಳುತ್ತಾರೆ.

ಎರಡನೆಯ ಕಾರಣ ಕಾನೂನಿನದೇ, ಮತ್ತು ಇದನ್ನು ನಾನು ಎಷ್ಟು ಸಲ ಬಿಡಿಸಿ ಹೇಳಿದರೂ ಗಂಟು ಮತ್ತೆ ಬೀಳುತ್ತದೆ. ನಮ್ಮಲ್ಲಿ ಎರಡು ‘ಸೆಕ್ಷನ್ 9’ ಇವೆ. 1955ರ ಹಿಂದೂ ವಿವಾಹ ಕಾಯ್ದೆಯ 9ನೆಯ ಕಲಮು ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆಗೆ ಸಂಬಂಧಿಸಿದ್ದು. ಸಕಾರಣವಿಲ್ಲದೆ ಬಿಟ್ಟುಹೋದ ಸಂಗಾತಿ ಮರಳಿ ಬರಬೇಕೆಂದು ಕೋರುವ ಅರ್ಜಿ ಅದು. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 9ನೆಯ ಕಲಮು ಬೇರೆಯೇ. ಪಕ್ಷಗಾರರು ಮಾತುಕತೆಯಿಂದ ಇತ್ಯರ್ಥಕ್ಕೆ ಬರಲು ನ್ಯಾಯಾಲಯ ಮೊದಲು ಪ್ರಯತ್ನಿಸಬೇಕು ಎಂದು ಹೇಳುವುದು ಅದು. ‘ಸೆಕ್ಷನ್ 9ರಲ್ಲಿ ಕಳಿಸಿದ್ದಾರೆ’ ಎಂದು ಕೋರ್ಟಿನ ಮೊಗಸಾಲೆಯಲ್ಲಿ ಯಾರೋ ಹೇಳಿದ ಮಾತು ಮನೆ ತಲುಪುವಷ್ಟರಲ್ಲಿ ‘ಗಂಡನ ಮನೆಗೆ ಹೋಗಬೇಕೆಂದು ಆರ್ಡರ್ ಆಗಿದೆಯಂತೆ’ ಎಂದಾಗಿರುತ್ತದೆ. ಪುನಃಸ್ಥಾಪನೆಯ ಡಿಕ್ರಿಯೇ, ಅಂದರೆ ನ್ಯಾಯಾಲಯದ ಅಂತಿಮ ಆದೇಶವೇ, ಆದರೂ ಪೊಲೀಸರನ್ನು ಕಳಿಸಿ ಯಾರನ್ನೂ ಎಳೆದುಕೊಂಡು ಹೋಗುವುದಿಲ್ಲ. ಪಾಲಿಸದವರ ಆಸ್ತಿ ಜಪ್ತಿಗೆ ಅವಕಾಶವಿದೆ, ಅಷ್ಟೆ. ಆ ಡಿಕ್ರಿಯಾಗಿ ಒಂದು ವರ್ಷವಾದರೂ ಇಬ್ಬರೂ ಸೇರಿ ಬಾಳದಿದ್ದರೆ, ಅದನ್ನೇ ಕಾರಣವಾಗಿಟ್ಟುಕೊಂಡು ಇಬ್ಬರಲ್ಲಿ ಯಾರು ಬೇಕಾದರೂ ವಿಚ್ಛೇದನ ಕೇಳಬಹುದು. ನಿಮ್ಮ ಚಿಕ್ಕಪ್ಪ ಹೆದರಿಸುತ್ತಿರುವ ಗುಮ್ಮನಿಗೆ ಇರುವ ಬಲ ಇಷ್ಟೇ.

ಮೂರನೆಯದು ಸಮಾಲೋಚಕರ ವಿಷಯ. ಕುಟುಂಬ ನ್ಯಾಯಾಲಯಕ್ಕೆ ಸೇರಿದ ಸಮಾಲೋಚಕರು, ಮಹಿಳಾ ಪೊಲೀಸ್ ಠಾಣೆಯಲ್ಲಿ ಕರೆದು ಮಾತನಾಡಿಸುವವರು, ಸಾಂತ್ವನ ಕೇಂದ್ರದವರು ಸಂಸಾರ ಉಳಿಯುವುದಾದರೆ ಉಳಿಯಲಿ ಎಂಬ ದೃಷ್ಟಿಯಿಂದ ಮೊದಲು ವಿಚಾರಿಸುವುದು ಸಹಜ. ವಿಚ್ಛೇದನದ ಅರ್ಜಿ ಬಂದಾಗ ಸಾಧ್ಯವಿರುವ ಕಡೆ ರಾಜಿಗೆ ಪ್ರಯತ್ನಿಸಬೇಕೆಂದು ಹಿಂದೂ ವಿವಾಹ ಕಾಯ್ದೆಯೂ ನ್ಯಾಯಾಧೀಶರಿಗೆ ಹೇಳುತ್ತದೆ. ಈ ಎಲ್ಲ ಮೆಟ್ಟಿಲುಗಳನ್ನು ಒಂದೇ ಎಂದುಕೊಂಡವರು ಮಧ್ಯಸ್ಥಗಾರರೂ ಅದನ್ನೇ ಹೇಳುತ್ತಾರೆಂದು ತೀರ್ಮಾನಿಸಿಬಿಡುತ್ತಾರೆ.

ಮಧ್ಯಸ್ಥಗಾರರಿಗೆ ತೀರ್ಪು ಕೊಡುವ ಅಧಿಕಾರವೇ ಇಲ್ಲ. ಸುಪ್ರೀಂ ಕೋರ್ಟಿನ ಮಧ್ಯಸ್ಥಿಕೆ ಸಮಿತಿ ನಿಗದಿಪಡಿಸಿದ 40 ಗಂಟೆಗಳ ತರಬೇತಿಯಲ್ಲಿ ನಮಗೆ ಕಲಿಸುವುದು ಬುದ್ಧಿ ಹೇಳುವುದನ್ನಲ್ಲ, ಬುದ್ಧಿ ಹೇಳುವ ಚಪಲವನ್ನು ಹತ್ತಿಕ್ಕಿ ಕೇಳಿಸಿಕೊಳ್ಳುವುದನ್ನು. ವಕೀಲರಾಗಿ ವರ್ಷಗಟ್ಟಲೆ ವಾದ ಮಾಡಿದವರಿಗೆ ಇದು ಎಷ್ಟು ಕಷ್ಟವೆಂಬುದು ಅನುಭವಿಸಿದವರಿಗೇ ಗೊತ್ತು. ಇಬ್ಬರೂ ಸೇರಿ ಬಾಳಲು ಇಚ್ಛಿಸಿದರೆ ಅದೂ ಒಂದು ಇತ್ಯರ್ಥ; ಅಂಥವರೂ ಇದ್ದಾರೆ, ಅವರ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ. ಇಬ್ಬರೂ ಗೌರವದಿಂದ ಬೇರೆಯಾಗಲು ಒಪ್ಪಿದರೆ ಅದೂ ಅಷ್ಟೇ ಪೂರ್ಣವಾದ ಇತ್ಯರ್ಥ. ಇನ್ನೂ ಸಂಶಯವಿದ್ದರೆ, ವೈವಾಹಿಕ ವ್ಯಾಜ್ಯಗಳನ್ನು ಮಧ್ಯಸ್ಥಿಕೆಗೆ ಕಳಿಸಬೇಕೆಂದು ಕುಟುಂಬ ನ್ಯಾಯಾಲಯಗಳಿಗೆ ಒತ್ತಿ ಹೇಳಿದ ಕೆ. ಶ್ರೀನಿವಾಸ ರಾವ್ ವಿರುದ್ಧ ಡಿ.ಎ. ದೀಪಾ ಪ್ರಕರಣವನ್ನು ನೋಡಿ. 2013ರಲ್ಲಿ ಸುಪ್ರೀಂ ಕೋರ್ಟು ಅದೇ ತೀರ್ಪಿನಲ್ಲಿ ಆ ದಂಪತಿಗಳ ವಿವಾಹವನ್ನು ವಿಸರ್ಜಿಸಿತು. ಮಧ್ಯಸ್ಥಿಕೆಯ ಉದ್ದೇಶ ಮರಳಿ ಸಂಸಾರಕ್ಕೆ ದೂಡುವುದೇ ಆಗಿದ್ದರೆ, ಆ ಮಾತು ಮದುವೆಯನ್ನು ಮುಗಿಸಿದ ತೀರ್ಪಿನಿಂದಲೇ ಬರುತ್ತಿರಲಿಲ್ಲ.

ಇನ್ನು ಆ ಕೊಠಡಿಯಲ್ಲಿ ನಡೆಯುವುದೇನು ಎಂಬುದನ್ನು ನೋಡೋಣ. ಮೊದಲು ಇಬ್ಬರನ್ನೂ ಒಟ್ಟಿಗೆ ಕೂರಿಸಿ ನಿಯಮಗಳನ್ನು ತಿಳಿಸುತ್ತಾರೆ, ಅನಂತರ ಒಬ್ಬೊಬ್ಬರನ್ನಾಗಿ ಪ್ರತ್ಯೇಕವಾಗಿ ಮಾತನಾಡಿಸುತ್ತಾರೆ. ನಿಮ್ಮ ವಕೀಲರು ಜೊತೆಗಿರಬಹುದು. ಚಿಕ್ಕಪ್ಪನವರು ಹೊರಗಿನ ಬೆಂಚಿನಲ್ಲಿ ಕುಳಿತಿರಲಿ. ಹಿರಿಯರು ಒಳಗೆ ಬಂದರೆ ಮಾತು ಮದುವೆಯ ದಿನದ ಊಟೋಪಚಾರದ ಕೊರತೆಯಿಂದ ಶುರುವಾಗಿ ಅಲ್ಲೇ ನಿಲ್ಲುತ್ತದೆ. ಪ್ರತ್ಯೇಕ ಮಾತುಕತೆಯಲ್ಲಿ ನೀವು ಗುಟ್ಟಾಗಿಡಿ ಎಂದು ಹೇಳಿದ್ದನ್ನು ನಿಮ್ಮ ಒಪ್ಪಿಗೆಯಿಲ್ಲದೆ ಗಂಡನಿಗೆ ಹೇಳುವಂತಿಲ್ಲ. ನ್ಯಾಯಾಧೀಶರಿಗಂತೂ ಹೇಳುವಂತೆಯೇ ಇಲ್ಲ: ಮಾತುಕತೆ ವಿಫಲವಾದರೆ ‘ಇತ್ಯರ್ಥವಾಗಲಿಲ್ಲ’ ಎಂಬ ಒಂದು ಸಾಲಿಗಿಂತ ಹೆಚ್ಚು ಬರೆಯಕೂಡದು ಎಂದು ಸುಪ್ರೀಂ ಕೋರ್ಟು ಮೋತಿ ರಾಮ್ ಪ್ರಕರಣದಲ್ಲಿ 2010ರಲ್ಲೇ ಸ್ಪಷ್ಟಪಡಿಸಿದೆ, 2023ರ ಮಧ್ಯಸ್ಥಿಕೆ ಕಾಯ್ದೆಯೂ ಗೋಪ್ಯತೆಯನ್ನು ಕಾನೂನಿನ ಕಟ್ಟಳೆಯನ್ನಾಗಿಸಿದೆ. ಆದ್ದರಿಂದ ‘ಐದು ಲಕ್ಷಕ್ಕೂ ಒಪ್ಪುತ್ತೇನೆ’ ಎಂದು ನೀವು ಅಲ್ಲಿ ಅಂದಿದ್ದರೂ, ಮುಂದೆ ವಿಚಾರಣೆಯಲ್ಲಿ ಅದನ್ನು ನಿಮ್ಮ ವಿರುದ್ಧ ಎತ್ತಿ ಆಡುವಂತಿಲ್ಲ.

ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ರಜನೀಶ್ ವಿರುದ್ಧ ನೇಹಾ ಪ್ರಕರಣದ 2020ರ ತೀರ್ಪಿನ ನಂತರ, ಜೀವನಾಂಶದ ಪ್ರಶ್ನೆಯಿರುವ ಕಡೆ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರವನ್ನು ಸಲ್ಲಿಸಬೇಕು. ಮಂಡ್ಯ ಜಿಲ್ಲೆಯ ಬಹಳಷ್ಟು ಪ್ರಕರಣಗಳಲ್ಲಿ ಸಂಬಳದ ಚೀಟಿ ಏನನ್ನೂ ಹೇಳುವುದಿಲ್ಲ. ಹೇಳುವುದು ಪಹಣಿ ಮತ್ತು ಸಕ್ಕರೆ ಕಾರ್ಖಾನೆಯ ಕಬ್ಬಿನ ಬಿಲ್ಲು. ‘ನನಗೇನೂ ಆದಾಯವಿಲ್ಲ’ ಎನ್ನುವವರ ಮುಂದೆ ಆ ಎರಡು ಕಾಗದಗಳನ್ನು ಇಟ್ಟಾಗ ಮಾತಿನ ಧಾಟಿಯೇ ಬದಲಾಗುತ್ತದೆ.

ಒಪ್ಪಂದವಾಗುವುದಾದರೆ ಅದನ್ನು ಬರೆಯುವಾಗ ಜುಗ್ಗರಾಗಬೇಡಿ. ‘ತಂದೆಗೆ ಮಗುವನ್ನು ನೋಡುವ ಹಕ್ಕಿರುತ್ತದೆ’ ಎಂದು ಒಂದೇ ಸಾಲಿನಲ್ಲಿ ಬರೆದುಕೊಂಡವರು ಮುಂದಿನ ಬೇಸಿಗೆಗೆ ಮತ್ತೆ ಕೋರ್ಟಿನಲ್ಲಿರುತ್ತಾರೆ. ತಿಂಗಳ ಎರಡನೆಯ ಮತ್ತು ನಾಲ್ಕನೆಯ ಭಾನುವಾರ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ. ಮಗುವನ್ನು ಕರೆದೊಯ್ಯುವುದು ತಾಯಿಯ ಮನೆಯ ಬಾಗಿಲಿನಿಂದಲೋ ಬಸ್ ನಿಲ್ದಾಣದಿಂದಲೋ. ದಸರಾ ರಜೆಯಲ್ಲಿ ಮೊದಲ ಅರ್ಧ ಯಾರ ಬಳಿ, ಜಂಬೂ ಸವಾರಿಯ ದಿನ ಯಾರ ಬಳಿ. ಶಾಲೆಯ ಶುಲ್ಕವನ್ನು ತಂದೆ ನೇರವಾಗಿ ಶಾಲೆಗೆ ಕಟ್ಟುತ್ತಾರೋ ತಾಯಿಯ ಖಾತೆಗೆ ಹಾಕುತ್ತಾರೋ. ಜ್ವರ ಬಂದ ಭಾನುವಾರದ ಬದಲಿಗೆ ಯಾವ ದಿನ: ಹೀಗೆ ಬರೆಯಬೇಕು. ಒಡವೆಗಳನ್ನು ‘ಸ್ತ್ರೀಧನ ಹಿಂದಿರುಗಿಸುವುದು’ ಎಂದು ಬರೆದು ಬಿಟ್ಟರೆ ಸಾಲದು. ಎರಡೆಳೆ ಸರ, ಜುಮಕಿ, ನಾಲ್ಕು ಬಳೆ ಎಂದು ಗ್ರಾಂ ಸಮೇತ ಪಟ್ಟಿ ಮಾಡಿ, ಯಾವ ದಿನ ಯಾರ ಸಮ್ಮುಖದಲ್ಲಿ ತೂಗಿಸಿ ಕೊಡುವುದು ಎಂಬುದನ್ನೂ ಸೇರಿಸಿ. ಮಗುವಿನ ಜೀವನಾಂಶವನ್ನು ‘ಬಿಟ್ಟುಕೊಟ್ಟಿದ್ದೇನೆ’ ಎಂದು ತಾಯಿ ಬರೆದುಕೊಟ್ಟರೂ ಅದು ನಿಲ್ಲುವುದಿಲ್ಲ, ಏಕೆಂದರೆ ಆ ಹಕ್ಕು ಮಗುವಿನದು. ವರದಕ್ಷಿಣೆ ಕಿರುಕುಳದ ಕ್ರಿಮಿನಲ್ ಕೇಸು ಇದ್ದರೆ, ಅದನ್ನು ಇಬ್ಬರೂ ರಾಜಿಯಾದೆವೆಂದು ಕೆಳಗಿನ ನ್ಯಾಯಾಲಯದಲ್ಲೇ ಮುಗಿಸಲಾಗುವುದಿಲ್ಲ, ಹೈಕೋರ್ಟು ರದ್ದುಪಡಿಸಬೇಕು. ಅದಕ್ಕೆ ಯಾರು ಅರ್ಜಿ ಹಾಕುವುದು, ಯಾರು ಪ್ರಮಾಣಪತ್ರ ಕೊಡುವುದು, ಕೊನೆಯ ಕಂತಿನ ಡಿಡಿ ಅದಕ್ಕೆ ಮೊದಲೋ ಆಮೇಲೋ ಎಂಬುದೆಲ್ಲ ಒಪ್ಪಂದದಲ್ಲೇ ಇರಬೇಕು. ಅರ್ಥವಾಗದ ಇಂಗ್ಲಿಷಿನಲ್ಲಿ ಬರೆದಿದ್ದರೆ ಕನ್ನಡದಲ್ಲಿ ಬರೆದುಕೊಡಿ ಎಂದು ಕೇಳಿ, ಓದಿ, ಆಮೇಲೆ ಸಹಿ ಮಾಡಿ.

ಹೀಗೆ ಒಪ್ಪಂದವಾದರೆ ನಿಮ್ಮ ಈಗಿನ ಅರ್ಜಿಯನ್ನೇ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ಮಾರ್ಪಡಿಸಿಕೊಳ್ಳಬಹುದು. ಅದರಲ್ಲಿನ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಪ್ರಕರಣಗಳಲ್ಲಿ ನ್ಯಾಯಾಲಯ ಮನ್ನಾ ಮಾಡಬಹುದೆಂದು ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ 2017ರಲ್ಲಿ ತೀರ್ಮಾನವಾಗಿದೆ. ಎರಡು ವರ್ಷಗಳಿಂದ ಬೇರೆ ಇರುವ ನೀವು ಅದನ್ನು ಕೇಳಿಕೊಳ್ಳಬಹುದು. ಆದರೆ ಹೊಡೆತ ಬಡಿತದ ಹಿನ್ನೆಲೆಯಿದ್ದು, ಆ ವ್ಯಕ್ತಿ ಎದುರಿಗೆ ಕುಳಿತರೆ ನಿಮಗೆ ಬಾಯೇ ಬರುವುದಿಲ್ಲವೆಂದಾದರೆ, ಅದನ್ನು ಮಧ್ಯಸ್ಥಗಾರರಿಗೆ ಮೊದಲೇ ತಿಳಿಸಿ. ಒಟ್ಟಿಗೆ ಕೂರಿಸದೆಯೇ ಮಾತುಕತೆ ನಡೆಸಬಹುದು. ಭಯದಲ್ಲಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲವಾದ್ದರಿಂದ ಕೇಸನ್ನು ಹಿಂದಕ್ಕೆ ಕಳಿಸಲೂಬಹುದು.

ಇಲ್ಲಿಗೆ ಬಂದಾಗ ಕೆಲವರು, ವಿಶೇಷವಾಗಿ ವಿದೇಶದಲ್ಲಿ ನೆಂಟರಿರುವ ಮೈಸೂರಿನವರು, ಕೋರ್ಟಿನ ಮೆಟ್ಟಿಲನ್ನೇ ಹತ್ತದ ಕೊಲಾಬರೇಟಿವ್ ಪದ್ಧತಿಯ ಬಗ್ಗೆ ಕೇಳುತ್ತಾರೆ. ಅಮೆರಿಕದ ಮಿನ್ನಿಯಾಪೊಲಿಸ್‌ನಲ್ಲಿ ಸ್ಟುವರ್ಟ್ ವೆಬ್ ಎಂಬ ವಕೀಲರು 1990ರಲ್ಲಿ ಆರಂಭಿಸಿದ ಕ್ರಮ ಅದು. ಗಂಡ, ಹೆಂಡತಿ, ಇಬ್ಬರ ವಕೀಲರು ಒಂದೇ ಮೇಜಿನ ಸುತ್ತ ಕುಳಿತು, ಎಲ್ಲ ಲೆಕ್ಕಪತ್ರವನ್ನು ಬಿಚ್ಚಿಟ್ಟು ಮಾತನಾಡುತ್ತಾರೆ. ಮಾತುಕತೆ ಮುರಿದು ಕೇಸು ದಾಖಲಾದರೆ ಆ ಇಬ್ಬರೂ ವಕೀಲರು ಹಿಂದೆ ಸರಿಯಬೇಕೆಂದು ಮೊದಲೇ ಬರೆದುಕೊಂಡಿರುತ್ತಾರೆ. ಜಗಳ ಬೆಳೆದರೆ ವಕೀಲರಿಗೆ ನಷ್ಟ ಎಂಬ ಈ ಏರ್ಪಾಡು ನನ್ನ ವೃತ್ತಿಬಾಂಧವರಲ್ಲಿ ಕೆಲವರಿಗೆ ಏಕೆ ರುಚಿಸುವುದಿಲ್ಲ ಎಂಬುದನ್ನು ವಿವರಿಸಬೇಕಿಲ್ಲ. ನಮ್ಮಲ್ಲಿ ಅದಕ್ಕೆಂದೇ ಕಾಯ್ದೆಯಿಲ್ಲವಾದರೂ ಇಬ್ಬರೂ ಬಯಸಿದರೆ ಕರಾರಿನ ಮೂಲಕ ಹಾಗೆ ನಡೆದುಕೊಳ್ಳಲು ಅಡ್ಡಿಯಿಲ್ಲ. ಆದರೆ ಅಲ್ಲಿ ಎಷ್ಟೇ ಚೆನ್ನಾಗಿ ಒಪ್ಪಂದವಾಗಲಿ, ಕೊನೆಗೆ ನ್ಯಾಯಾಲಯದ ಡಿಕ್ರಿ ಬೇಕೇ ಬೇಕು.

ಈ ಕೊನೆಯ ವಾಕ್ಯ ನಮ್ಮ ಭಾಗದಲ್ಲಿ ಯಾರ ಕಿವಿಗೂ ಬಿದ್ದಂತಿಲ್ಲ. ಛಾಪಾ ಕಾಗದ ತಂದು, ‘ಇನ್ನು ಮುಂದೆ ನಮಗೂ ನಿಮಗೂ ಸಂಬಂಧವಿಲ್ಲ’ ಎಂದು ಬಿಡುಗಡೆ ಪತ್ರ ಬರೆಸಿ, ಪಂಚರಿಂದ ಸಹಿ ಹಾಕಿಸಿ, ನೋಟರಿಯ ಮುದ್ರೆ ಒತ್ತಿಸಿಕೊಂಡು, ವಿಚ್ಛೇದನವಾಯಿತೆಂದು ಮತ್ತೊಂದು ಮದುವೆಗೆ ಹೆಣ್ಣು ನೋಡಲು ಹೊರಡುವವರು ಇಂದಿಗೂ ಇದ್ದಾರೆ. ರೂಢಿಗತ ವಿಚ್ಛೇದನವನ್ನು ಹಿಂದೂ ವಿವಾಹ ಕಾಯ್ದೆಯ 29ನೆಯ ಕಲಮು ಉಳಿಸಿದೆ, ನಿಜ. ಆದರೆ ತಮ್ಮ ಸಮುದಾಯದಲ್ಲಿ ಅಂಥ ರೂಢಿ ಬಹುಕಾಲದಿಂದ ನಿರಂತರವಾಗಿದೆ ಎಂದು ಸಾಕ್ಷ್ಯಸಹಿತ ಸಾಬೀತುಪಡಿಸುವ ಭಾರ ಆ ಕಾಗದ ಹಿಡಿದವರ ಮೇಲೆಯೇ ಇರುತ್ತದೆ. ಸಾಬೀತಾಗದಿದ್ದರೆ ಮೊದಲ ಮದುವೆ ಹಾಗೆಯೇ ಉಳಿಯುತ್ತದೆ, ಎರಡನೆಯ ಮದುವೆ ಅಸಿಂಧುವಾಗುತ್ತದೆ, ದ್ವಿಪತ್ನಿತ್ವಕ್ಕೆ ಏಳು ವರ್ಷದವರೆಗೆ ಶಿಕ್ಷೆಯಿದೆ. ಎಷ್ಟೋ ವರ್ಷಗಳ ನಂತರ, ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದ ಎರಡನೆಯ ಹೆಂಡತಿಗೆ ಇದೆಲ್ಲ ಒಂದೇ ದಿನ ತಿಳಿಯುತ್ತದೆ.

ಅಂಥ ಕಾಗದ ಮನೆಯಲ್ಲಿದ್ದರೆ ಹರಿದು ಹಾಕಬೇಡಿ. ಎಂದಿನಿಂದ ಬೇರೆ ಇದ್ದೀರಿ ಎಂಬುದಕ್ಕೂ ಯಾವ ಷರತ್ತುಗಳಿಗೆ ಒಪ್ಪಿದ್ದಿರಿ ಎಂಬುದಕ್ಕೂ ಅದು ಉಪಯೋಗಕ್ಕೆ ಬರಬಹುದು. ಅದನ್ನು ಹಿಡಿದುಕೊಂಡು ಪರಸ್ಪರ ಸಮ್ಮತಿಯ ಅರ್ಜಿ ಹಾಕಿ. ವಕೀಲರ ಶುಲ್ಕದ ಚಿಂತೆಯಿರುವ ಹೆಣ್ಣುಮಕ್ಕಳು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ ವಿಚಾರಿಸಿ. 1987ರ ಕಾಯ್ದೆಯಡಿ ಮಹಿಳೆಯರಿಗೆ ಅಲ್ಲಿ ವಕೀಲರ ನೆರವು ಉಚಿತವಾಗಿ ಸಿಗುತ್ತದೆ, ಆದಾಯ ಎಷ್ಟೆಂದು ಕೇಳುವುದಿಲ್ಲ.