ನಾಕಾ ಹೋಯಿತು, ಪೇಟೆಯ ನಂಟೂ ಹೋಯಿತು

ನಮ್ಮ ಪಟ್ಟಣಗಳ ಬಾಗಿಲಲ್ಲಿ ಹಿಂದೆ ನಾಕಾ ಇರುತ್ತಿತ್ತು. ರಸ್ತೆಗೆ ಅಡ್ಡ ಒಂದು ಮರದ ತೊಲೆ, ಪಕ್ಕದಲ್ಲಿ ರಸೀದಿ ಪುಸ್ತಕ ಹಿಡಿದ ಪುರಸಭೆಯ ಗುಮಾಸ್ತ. ಊರೊಳಗೆ ಮಾರಲು, ಬಳಸಲು ಬರುವ ಸರಕಿಗೆ ಸುಂಕ ಕಟ್ಟಬೇಕಿತ್ತು. ಅದೇ ಆಕ್ಟ್ರಾಯ್; ಉತ್ತರ ಕರ್ನಾಟಕದವರ ಬಾಯಲ್ಲಿ ಜಕಾತಿ.

ಅದರಿಂದ ಕಿರಿಕಿರಿ ಬಹಳ. ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು, ಲಂಚಕ್ಕೂ ದಾರಿಯಾಗಿತ್ತು. 1979ರಲ್ಲಿ ಕರ್ನಾಟಕ ಅದನ್ನು ತೆಗೆದು, ಪ್ರವೇಶ ತೆರಿಗೆ ತಂದಿತು. ತೆಗೆದಿದ್ದು ತಪ್ಪು ಅಂತ ನಾನು ಹೇಳಲಾರೆ. ಆದರೆ ಮೊದಲು ಪೇಟೆಯಲ್ಲಿ ವ್ಯಾಪಾರ ಜಾಸ್ತಿಯಾದರೆ ಪುರಸಭೆಗೂ ನೇರವಾಗಿ ದುಡ್ಡು ಬರುತ್ತಿತ್ತು. ಹೊಸ ತೆರಿಗೆ ರಾಜ್ಯದ ಖಜಾನೆ ಸೇರಿತು. ಪುರಸಭೆ ಬೆಂಗಳೂರಿನ ಅನುದಾನಕ್ಕೆ ಕಾಯತೊಡಗಿತು. ಪೇಟೆ ಬೆಳೆದರೇನು, ಸೊರಗಿದರೇನು ಅನ್ನುವ ಸ್ಥಿತಿ ಶುರುವಾಗಿದ್ದು ಅಲ್ಲಿಂದಲೇ.

1979-80ರಲ್ಲೇ ಕೇಂದ್ರ ಸರ್ಕಾರ ಸಣ್ಣ ಮತ್ತು ಮಧ್ಯಮ ಪಟ್ಟಣಗಳಿಗೆಂದು ಒಂದು ಯೋಜನೆ ತಂದಿತ್ತು. ಹಳ್ಳಿಯವರು ದೂರದ ಮಹಾನಗರಕ್ಕೆ ಹೋಗದೆ ಹತ್ತಿರದಲ್ಲೇ ದುಡಿಮೆ ಕಾಣಲಿ ಎಂಬುದು ಆಸೆ. ಮಾರುಕಟ್ಟೆ, ಬಸ್ ನಿಲ್ದಾಣ, ಮಳಿಗೆ ಕಟ್ಟಲು ಹಣ ಸಿಗುತ್ತಿತ್ತು. ಒಳ್ಳೆಯ ಯೋಚನೆ. 2005ರಲ್ಲಿ ಅದು ಬೇರೊಂದು ಯೋಜನೆಯಲ್ಲಿ ಸೇರಿಹೋಯಿತು.

ಈ ನಡುವೆ, 1993ರ ಜೂನ್ 1ರಂದು ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂತು. ಪುರಸಭೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಾದ 12ನೇ ಅನುಸೂಚಿಯ 18 ವಿಷಯಗಳಲ್ಲಿ 3ನೆಯದೇ ಆರ್ಥಿಕ, ಸಾಮಾಜಿಕ ಅಭಿವೃದ್ಧಿಯ ಯೋಜನೆ. ಊರಿನ ದುಡಿಮೆಯ ಬಗ್ಗೆ ಯೋಚಿಸುವುದು ಪುರಸಭೆಯ ಕೆಲಸ ಅಂತ ಮೊದಲ ಸಲ ಸಂವಿಧಾನದಲ್ಲೇ ಬರೆದಿದ್ದು ಇದು. ಆದರೆ ಒಂದು ಮಾತು ಎಲ್ಲವನ್ನೂ ಸಡಿಲ ಮಾಡಿತು. ರಾಜ್ಯಗಳು ಈ ಅಧಿಕಾರವನ್ನು ಕೊಡ'ಬಹುದು' ಎಂದಿದೆ, ಕೊಡಲೇಬೇಕು ಎಂದಿಲ್ಲ. ಹೀಗಾಗಿ ಕುಡಿಯುವ ನೀರು, ಕಸ, ಬೀದಿದೀಪದ ಕೆಲಸ ಪುರಸಭೆಯ ಹೆಗಲಿಗೆ ಬಿತ್ತು. ಉದ್ಯೋಗ, ಕೈಗಾರಿಕೆ, ಮಾರುಕಟ್ಟೆಯ ದೊಡ್ಡ ತೀರ್ಮಾನಗಳು ರಾಜ್ಯದ ಇಲಾಖೆಗಳಲ್ಲೇ ಉಳಿದವು. 2017ರಲ್ಲಿ ಜಿಎಸ್‌ಟಿ ಬಂದಾಗ ಪ್ರವೇಶ ತೆರಿಗೆಯೂ ಹೋಯಿತು.

ಹಳೆಯ ನಂಟು ಇನ್ನೂ ಉಸಿರಾಡುತ್ತಿರುವುದು ಸಂತೆಯಲ್ಲಿ. ಎಷ್ಟೋ ಪಟ್ಟಣಗಳಲ್ಲಿ ಸಂತೆ ಸುಂಕ ವಸೂಲಿಯನ್ನು ವರ್ಷಕ್ಕೊಮ್ಮೆ ಹರಾಜು ಹಾಕುತ್ತಾರೆ. ಹರಾಜಿನ ದುಡ್ಡು ಪುರಸಭೆಗೆ ಬರುತ್ತದೆ. ಸೊಪ್ಪು ಮಾರುವ ಅಜ್ಜಿ ಮಾತ್ರ ಮಳೆ ಬಂದರೆ ಕೆಸರಲ್ಲೇ ಕೂರಬೇಕು. ಆಕೆ ಕೊಟ್ಟ ಸುಂಕದಲ್ಲಿ ಆಕೆಗೊಂದು ಚಪ್ಪರ, ಶೌಚಾಲಯ ಬೇಡವೇ?

2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಇದಕ್ಕೊಂದು ದಾರಿ ತೋರಿಸಿದೆ. ಆ ಕಾಯ್ದೆಯಡಿ ರಚನೆಯಾಗುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಮಂದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ನಿಮ್ಮೂರಲ್ಲಿ ಆ ಸಮಿತಿ ಕೊನೆಯ ಸಲ ಸೇರಿದ್ದು ಯಾವಾಗ, ಸಂತೆಯ ವಿಷಯ ಅಲ್ಲಿ ಬಂತೇ ಎಂದು ಪುರಸಭೆಯಲ್ಲಿ ಒಮ್ಮೆ ಕೇಳಿ.