ಬಿಲ್‌ನಲ್ಲಿ ಏನನ್ನು ಮಾರುತ್ತಿದ್ದೇವೆ?

ಮಾರ್ಚ್ ಕೊನೆಗೆ ನಮ್ಮ ಆಫೀಸಿನಲ್ಲಿ ಎಲ್‌ಯುಟಿ ಗಲಾಟೆ. ಜಿಎಸ್‌ಟಿ ಕಟ್ಟದೆ ವಿದೇಶಕ್ಕೆ ಬಿಲ್ ಮಾಡಬೇಕೆಂದರೆ ಸೇವಾ ರಫ್ತುದಾರರು ಪ್ರತಿ ಹಣಕಾಸು ವರ್ಷಕ್ಕೂ ಸಲ್ಲಿಸಬೇಕಾದ ಮುಚ್ಚಳಿಕೆ ಅದು. (ಮರೆತು ಜೂನ್‌ನಲ್ಲಿ ಓಡಿಬರುವವರು ಒಬ್ಬರಾದರೂ ಇದ್ದೇ ಇರುತ್ತಾರೆ.) ಆ ನೆಪದಲ್ಲಿ ಎಲ್ಲರ ಇನ್‌ವಾಯ್ಸ್‌ಗಳೂ ಕಣ್ಣಿಗೆ ಬೀಳುತ್ತವೆ.

ಎರಡು ಬಿಲ್ ಪಕ್ಕಪಕ್ಕ ಇಟ್ಟುಕೊಳ್ಳಿ. ಒಂದು ಬೆಂಗಳೂರಿನ ಹೊರವರ್ತುಲ ರಸ್ತೆಯ ಜಿಸಿಸಿಯದು, ಅಂದರೆ ವಿದೇಶಿ ಕಂಪನಿ ತನಗಾಗಿಯೇ ಇಲ್ಲಿ ನಡೆಸುವ ಕೇಂದ್ರದ್ದು. ಸಂಬಳ, ಬಾಡಿಗೆ, ಕರೆಂಟು, ಕ್ಯಾಬು ಎಲ್ಲ ಕೂಡಿಸಿ, ಮೇಲೆ ಇಷ್ಟು ಪರ್ಸೆಂಟ್. ಇನ್ನೊಂದು ಹುಬ್ಬಳ್ಳಿಯ ಹದಿನಾಲ್ಕು ಜನರ ಸಂಸ್ಥೆಯದು. ಅಮೆರಿಕದ ಕ್ಲಿನಿಕ್‌ಗಳ ಪರವಾಗಿ ವಿಮಾ ಕ್ಲೇಮು ಹಾಕಿ, ವಸೂಲಾದದ್ದರಲ್ಲಿ ಪಾಲು ಪಡೆಯುತ್ತದೆ.

2024-25ರಲ್ಲಿ ಭಾರತದ ಸೇವಾ ರಫ್ತು ಸುಮಾರು 387 ಬಿಲಿಯನ್ ಡಾಲರ್. ಸರಕು ವ್ಯಾಪಾರದ ಕೊರತೆಯ ಬಹುಪಾಲನ್ನು ತುಂಬಿಕೊಟ್ಟದ್ದು ಸೇವೆಗಳ ಉಳಿಕೆಯೇ. ಆ ಲೆಕ್ಕದಲ್ಲಿ ಎರಡೂ ಬಿಲ್‌ಗಳ ಡಾಲರ್ ಒಂದೇ. ನನ್ನ ಮಟ್ಟಿಗೆ ಅಲ್ಲ.

ಜಿಸಿಸಿಯ ಹುಡುಗಿಯೊಬ್ಬಳು ಆರು ಜನರ ಕೆಲಸ ಉಳಿಸುವ ಪ್ರೋಗ್ರಾಂ ಬರೆದಳು ಎನ್ನಿ. ವೆಚ್ಚ ಇಳಿಯಿತು, ವೆಚ್ಚದ ಮೇಲಿನ ಬಿಲ್ಲೂ ಇಳಿಯಿತು. ಪೇಟೆಂಟ್ ಸಾಮಾನ್ಯವಾಗಿ ಮಾತೃಸಂಸ್ಥೆಗೆ. ರೂಪಾಯಿ ಬಿದ್ದರೆ ರಫ್ತುದಾರನಿಗೆ ಲಾಭ ಎನ್ನುವ ಮಾತೂ ಇಲ್ಲಿ ನಡೆಯದು. ಖರ್ಚು ರೂಪಾಯಿಯಲ್ಲಿರುವುದರಿಂದ ಅದೇ ಕೆಲಸಕ್ಕೆ ಅತ್ತ ಕಡೆಯವರು ತೆರುವ ಡಾಲರ್ ಕಡಿಮೆಯಾಗುತ್ತದೆ. ಉದ್ಯೋಗ ಬಂತು, ಒಳ್ಳೆಯ ಸಂಬಳ ಬಂತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಚುರುಕುತನದ ಲಾಭ ನಮ್ಮಲ್ಲಿ ನಿಲ್ಲಲಿಲ್ಲ. ಹುಬ್ಬಳ್ಳಿಯವರು ಅಂಥದ್ದೇ ಪ್ರೋಗ್ರಾಂ ಬರೆದರೆ ಉಳಿದ ದುಡ್ಡು ಹುಬ್ಬಳ್ಳಿಯಲ್ಲೇ.

ಹಾಗೆ ಮಾರುವವನಿಗೆ ಕಷ್ಟವೂ ಅವನದೇ. ಅಮೆರಿಕದಲ್ಲಿ ಹೆಚ್ಚಿನ ಪಾಲಿಸಿಗಳ ಡಿಡಕ್ಟಿಬಲ್, ಅಂದರೆ ವಿಮೆಗೂ ಮೊದಲು ರೋಗಿಯೇ ತೆರಬೇಕಾದ ಮೊತ್ತ, ಜನವರಿಯಲ್ಲಿ ಹೊಸದಾಗಿ ಶುರುವಾಗುತ್ತದೆ. ವಿಮಾ ಕಂಪನಿಯಿಂದ ಬರುವ ಹಣ ಕುಗ್ಗಿ, ರೋಗಿಗಳಿಂದ ವಸೂಲಿ ನಿಧಾನವಾಗುತ್ತದೆ. ಒಮ್ಮೆ ಫೆಬ್ರವರಿಯ ಸಂಬಳಕ್ಕೆ ದುಡ್ಡಿಲ್ಲದೆ ಮಾಲೀಕರು ಓವರ್‌ಡ್ರಾಫ್ಟ್, ಅಂದರೆ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯಲು ಬಿಡುವ ಸಾಲ, ಕೇಳಲು ಬ್ಯಾಂಕಿಗೆ ಹೋದರು. ಡಾಲರ್ ಬಂದ ದಾಖಲೆ, ಮೂರು ವರ್ಷದ ಬ್ಯಾಲೆನ್ಸ್ ಶೀಟು ಎಲ್ಲ ನಾನೇ ಜೋಡಿಸಿಕೊಟ್ಟಿದ್ದೆ. ಸಂಜೆ ಫೋನ್ ಮಾಡಿದರು.

"ಅಡಾ ಇಡಾಕ ಮಷೀನು ಏನೈತಿ ಅಂತ ಕೇಳಿದ್ರು ಸರ. ಹದಿನಾಕು ಲ್ಯಾಪ್‌ಟಾಪ್, ಹದಿನಾಕು ತಲಿ ಅದಾವ ಅಂದೆ."

ಆ ತಿಂಗಳ ಸಂಬಳ ಆದದ್ದು ಮನೆಯ ಬಂಗಾರದ ಮೇಲೆ.