ಪದ ಪರಿಚಯ: ಸಭೆ

ಸಭೆ ಅಂದ ಕೂಡಲೇ ನೆನಪಾಗುವುದು ಗ್ರಾಮಸಭೆ, ವಿಧಾನಸಭೆ. ಕೋಲಾರದ ಕಡೆಯ ಕ್ರೈಸ್ತರ ಮನೆಗಳಲ್ಲಿ ಈ ಪದಕ್ಕೆ ಇನ್ನೊಂದು ಅರ್ಥವಿದೆ. ಮದುವೆ ಮನೆಯಲ್ಲಿ 'ಸಭೆಯವರಿಗೆಲ್ಲ ಊಟ ಆಯ್ತಾ?' ಅಂತ ಕೇಳುತ್ತಾರೆ. ಇಲ್ಲಿ ಸಭೆ ಅಂದರೆ ಕೂಡಿ ಆರಾಧಿಸುವ ಜನ. ಉಣ್ಣುವುದು ಜನ, ಕಟ್ಟಡ ಅಲ್ವಲ್ಲ. ನಂಬಿಕೆ ಸಾಕು, ಚರ್ಚ್ ಅನ್ನುವ ಸಂಸ್ಥೆಯೇ ಬೇಡ ಅಂತ ಬಿಟ್ಟು ಬರುವವರೂ ಇದ್ದಾರೆ. ಅವರ ಮಾತನ್ನು ತೂಗುವುದಕ್ಕೂ ಈ ಪದ ಬೇಕು.

ಪದ ಸಂಸ್ಕೃತದ್ದು, ಆದರೆ ಈ ಅರ್ಥದ ಮೂಲ ಗ್ರೀಕಿನ ಎಕ್ಲೇಸಿಯ ಅನ್ನುವ ಪದ. ಕ್ರೈಸ್ತರಿಗಿಂತ ಮೊದಲೇ ಅಥೆನ್ಸಿನಲ್ಲಿ ನಾಗರಿಕರು ಕೂಡಿ ತೀರ್ಮಾನ ಮಾಡುತ್ತಿದ್ದ ಕೂಟಕ್ಕೆ ಆ ಹೆಸರಿತ್ತು. ಮೊದಲ ಕ್ರೈಸ್ತರು ಅದನ್ನೇ ತಮಗೆ ಇಟ್ಟುಕೊಂಡರು. ಅವರು ಸೇರುತ್ತಿದ್ದದ್ದು ಮನೆಗಳಲ್ಲಿ. ಜೊತೆಗೆ ಕೂತು ಉಣ್ಣುವ ಊಟಕ್ಕೆ ಅಗಾಪೆ ಅನ್ನುತ್ತಿದ್ದರು. ಆ ಪದದ ಅರ್ಥ ಪ್ರೀತಿ. ಕರಾವಳಿಯಲ್ಲಿ ಚರ್ಚಿಗೆ ಅನ್ನುವ 'ಇಗರ್ಜಿ' ಕೂಡ ಎಕ್ಲೇಸಿಯದಿಂದಲೇ ಪೋರ್ಚುಗೀಸರ ಮೂಲಕ ಬಂದದ್ದು. ಬರುವ ದಾರಿಯಲ್ಲಿ ಅದು ಕಟ್ಟಡವಾಗಿಬಿಟ್ಟಿತು. ಕನ್ನಡ ಬೈಬಲ್ಲಿನ 'ಸಭೆ' ಜನರಾಗಿಯೇ ಉಳಿಯಿತು.

ಇಂಥ ಜನರ ಕೂಟವೇ ಸಂಸ್ಥೆಯಾಗುವುದೂ ಉಂಟು. ಇಂಗ್ಲೆಂಡಿನ ಜಾನ್ ವೆಸ್ಲಿ ಅಲ್ಲಿನ ಆಂಗ್ಲಿಕನ್ ಚರ್ಚಿನ ಪಾದ್ರಿಯಾಗಿದ್ದರು, ನೇಮನಿಷ್ಠೆಯಲ್ಲಿ ಬಲು ಗಟ್ಟಿ. 1738ರ ಮೇ 24ರಂದು ಲಂಡನ್ನಿನ ಒಂದು ಸಣ್ಣ ಕೂಟದಲ್ಲಿ ಕೂತಿದ್ದಾಗ ಎದೆ ಬೆಚ್ಚಗಾಯಿತು ಅಂತ ದಿನಚರಿಯಲ್ಲಿ ಬರೆದುಕೊಂಡರು. ಅವರು ಕಟ್ಟಿದ ಸಣ್ಣ ಸಣ್ಣ ಕೂಟಗಳೇ ಮುಂದೆ ಮೆಥೋಡಿಸ್ಟ್ ಸಭೆಯಾದವು. ಸ್ವತಃ ವೆಸ್ಲಿ ಸಾಯುವವರೆಗೂ ತಮ್ಮ ಹಳೆಯ ಚರ್ಚ್ ಬಿಡಲಿಲ್ಲ. ಕೋಲಾರದಲ್ಲಿ 1910ರಲ್ಲಿ ಶುರುವಾದ ಇಟಿಸಿಎಂ ಆಸ್ಪತ್ರೆ ಮೆಥೋಡಿಸ್ಟರದೇ. ಸಂಸ್ಥೆಯೇ ಬೇಡ ಅನ್ನುವವರು ಇದನ್ನೂ ಸ್ವಲ್ಪ ಯೋಚಿಸಬೇಕು. ಬರೀ ಬೆಚ್ಚಗಿನ ಎದೆಯಿಂದ ಆಸ್ಪತ್ರೆ ನಡೆಯುವುದಿಲ್ಲ.

ಹಾಗಂತ ಚರ್ಚ್ ಬಿಟ್ಟು ಬಂದವರ ನೋವು ಸುಳ್ಳಲ್ಲ. ಬಂಗಾರಪೇಟೆ ಹತ್ತಿರ ನಮ್ಮ ದೊಡ್ಡಮ್ಮ ಇದ್ದಾರೆ. ದೊಡ್ಡಪ್ಪ ಹಾಸಿಗೆ ಹಿಡಿದಿದ್ದ ವರ್ಷ, ಚರ್ಚಿನ ಚಂದಾ ಬಾಕಿ ಇದ್ದವರ ಪಟ್ಟಿಯನ್ನು ಆರಾಧನೆ ಮುಗಿದ ಮೇಲೆ ಎಲ್ಲರೆದುರು ಓದಿದರು. ಅದರಲ್ಲಿ ಇವರ ಹೆಸರೂ ಇತ್ತು. ಮುಂದಿನ ಭಾನುವಾರದಿಂದ ದೊಡ್ಡಮ್ಮ ಹೋಗಲಿಲ್ಲ.

"ಚರ್ಚ್ ಬಿಟ್ಟೇಬಿಟ್ರಾ ದೊಡ್ಡಮ್ಮ?" ಅಂದೆ.

"ಚರ್ಚ್ ಬಿಟ್ಟೆ ಕಣಪ್ಪ. ಸಭೆ ಬಿಟ್ಟಿಲ್ಲ."

ಈಗ ಗುರುವಾರ ಸಂಜೆ ಅವರ ಜಗಲಿಯಲ್ಲಿ ಚಾಪೆ ಹಾಸುತ್ತಾರೆ. ಮೂವರು ಹೆಂಗಸರು. ಒಂದು ಕೀರ್ತನೆ, ಒಂದು ಅಧ್ಯಾಯ, ಆಮೇಲೆ ಕಾಫಿ, ಕಡಲೆಪುರಿ. ಮೂವರಲ್ಲಿ ಒಬ್ಬರು ಭಾನುವಾರ ಚರ್ಚಿಗೂ ಹೋಗುತ್ತಾರೆ, ಅದಕ್ಕೆ ಯಾರೂ ತಕರಾರು ತೆಗೆದಿಲ್ಲ. 'ನನ್ನ ನಂಬಿಕೆ ನನ್ನದು, ಯಾರೂ ಬೇಡ' ಅನ್ನುವವರೂ ಈಗ ಜಾಸ್ತಿ. ಅವರ ಪ್ರಾರ್ಥನೆ ನಿಜವೇ ಇರಬಹುದು, ಆದರೆ ಈ ಪದ ಅವರಿಗೆ ಹೊಂದುವುದಿಲ್ಲ. ಇಬ್ಬರು ಮೂವರು ಕೂಡಿದಲ್ಲಿ ತಾನಿರುತ್ತೇನೆ ಅಂತಲ್ಲವೇ ಯೇಸು ಹೇಳಿದ್ದು? ಸಭೆಗೆ ಇನ್ನೊಬ್ಬರಾದರೂ ಬೇಕು.

ಹೋದ ಮಳೆಗಾಲದಲ್ಲಿ ಆ ಮೂವರಲ್ಲಿ ಒಬ್ಬರಿಗೆ ಚಿಕೂನ್‌ಗುನ್ಯಾ ಬಂತು. ಉಳಿದಿಬ್ಬರು ಸರದಿ ಮೇಲೆ ಮುದ್ದೆ, ಸೊಪ್ಪಿನ ಸಾರು ಒಯ್ದರು. ಅವರ ಹಸುವಿನ ಹಾಲನ್ನೂ ಇವರೇ ಕರೆದು, ಎರಡು ಹೊತ್ತೂ ಡೇರಿಗೆ ಹಾಕಿ ಬಂದರು.